ಮೀಟಿನ ನಂತರದ ನಾದ: ಮೇಣದ ತಟ್ಟೆಯಿಂದ ಮನೆಯ ಕಂಪ್ಯೂಟರಿನವರೆಗೆ

ವೀಣೆಯ ತಂತಿಯನ್ನು ಮೀಟುವುದು ಒಂದು ಕ್ಷಣದ ಕೆಲಸ. ಹುಟ್ಟಿದ ಕೂಡಲೇ ಆ ನಾದ ಇಳಿಯತೊಡಗುತ್ತದೆ. ವೈಣಿಕರು ಮರಳಿ ಮೀಟದೆ, ಇಳಿಯುತ್ತಿರುವ ಆ ನಾದದ ಮೇಲೆಯೇ ಎಡಗೈಯಿಂದ ತಂತಿಯನ್ನು ಎಳೆದು ಎರಡು, ಮೂರು ಸ್ವರಗಳನ್ನು ನುಡಿಸಿಬಿಡುತ್ತಾರೆ. ಗಮಕದ ಜೀವವಿರುವುದು ಅಲ್ಲಿ. ಅಂದಮೇಲೆ ವೀಣಾವಾದನದಲ್ಲಿ ಬಹು ಮುಖ್ಯವಾದ ಭಾಗವೇ ಬಹು ಮೆಲುವಾದ ಭಾಗವೂ ಹೌದು.

ಮನೆಯ ಕಂಪ್ಯೂಟರಿನಲ್ಲಿ ವೀಣೆಯನ್ನು ಮುದ್ರಿಸಿಕೊಳ್ಳಲು ಹೊರಟವರು ಯಾವ ಮೈಕ್ ಕೊಳ್ಳಬೇಕು, ಅದರ ಜೊತೆಗೆ ಏನು ಬೇಕು ಎಂದು ಕೇಳುತ್ತಾರೆ. ಉತ್ತರವನ್ನು ಅಂಗಡಿಯ ಬೆಲೆಪಟ್ಟಿಯಲ್ಲಿ ಹುಡುಕುವ ಮೊದಲು ಧ್ವನಿಮುದ್ರಣದ ಚರಿತ್ರೆಯಲ್ಲಿ ಹುಡುಕುವುದು ಲೇಸು. ಕಾಲಕಾಲಕ್ಕೆ ಬಂದ ಒಂದೊಂದು ಸಲಕರಣೆಯೂ ಆ ಮೆಲುನಾದವನ್ನು ಎಷ್ಟು ಉಳಿಸಿತು, ಎಷ್ಟು ನುಂಗಿತು ಎಂದು ನೋಡುತ್ತ ಬಂದರೆ ನಿಮ್ಮ ಆಯ್ಕೆ ಸುಲಭವಾದೀತು.

1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯ ಹೋಟೆಲ್ ಕೋಣೆಯೊಂದರಲ್ಲಿ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿದರು. (ಇದೇ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರಿನ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.) ಆ ಕೋಣೆಯಲ್ಲಿ ಮೈಕ್ ಎಂಬುದೇ ಇರಲಿಲ್ಲ. ಹಾಡುವವರು ಒಂದು ದೊಡ್ಡ ಕಹಳೆಯೊಳಕ್ಕೆ ಬಾಯಿಯಿಟ್ಟು ಗಟ್ಟಿಯಾಗಿ ಹಾಡಬೇಕು. ಕಹಳೆಯ ಕಿರಿದಾದ ತುದಿಯಲ್ಲಿದ್ದ ತೆಳು ಪೊರೆ ಅದುರಬೇಕು. ಪೊರೆಗೆ ಅಂಟಿಸಿದ ಸೂಜಿ, ತಿರುಗುವ ಮೇಣದ ತಟ್ಟೆಯ ಮೇಲೆ ಗೀರೆಳೆಯಬೇಕು. ಸೂಜಿಯನ್ನು ತಳ್ಳುವ ಬಲವೆಲ್ಲ ಹಾಡುವವರ ಉಸಿರಿನಿಂದಲೇ ಬರಬೇಕು. ಸೆಕೆಂಡಿಗೆ ಹೆಚ್ಚುಕಡಿಮೆ 200ರಿಂದ 2,500 ಕಂಪನಗಳ ನಡುವಿನ ಸ್ವರಗಳಷ್ಟೇ ಅದರ ಪಾಲಿಗೆ ಇದ್ದವು. ವೀಣೆಯ ಅನುಮಂದ್ರದ ತಂತಿ ನುಡಿಯುವುದು 100 ಕಂಪನಗಳಿಗೂ ಕೆಳಗೆ. ತಾರಸ್ಥಾಯಿಯ ಹೊಳಪನ್ನು ಕೊಡುವ ಮೇಲಿನ ಅನುರಣನಗಳಿರುವುದು ಆ ಮೇರೆಯ ಆಚೆ.

ಕಹಳೆಯ ಕಾಲದಲ್ಲಿ ಸಲಕರಣೆಗೆ ವಾದ್ಯ ಹೊಂದಿಕೊಳ್ಳಬೇಕಾಗಿತ್ತೇ ಹೊರತು ವಾದ್ಯಕ್ಕೆ ಸಲಕರಣೆಯಲ್ಲ. ಪಿಟೀಲು ಕೇಳಿಸುವುದಿಲ್ಲವೆಂದು ಲಂಡನ್ನಿನ ಸ್ಟ್ರೋ ಎಂಬಾತ 1899ರಲ್ಲಿ ಪಿಟೀಲಿನ ಮರದ ಒಡಲನ್ನೇ ತೆಗೆದುಹಾಕಿ, ಆ ಜಾಗದಲ್ಲಿ ಪೊರೆಯನ್ನೂ ಲೋಹದ ಕಹಳೆಯನ್ನೂ ಕೂಡಿಸಿ ಪೇಟೆಂಟ್ ಪಡೆದ. ಪಿಟೀಲಿಗೆ ಕಮಾನು ಇದೆ, ನಾದವನ್ನು ಎಳೆದಷ್ಟು ಹೊತ್ತು ಉಳಿಸಬಹುದು. ಹೀಗಾಗಿ ಅದು ಹೇಗೋ ಪಾರಾಯಿತು. ವೀಣೆಗೆ ಆ ಅನುಕೂಲವಿಲ್ಲ. ಮೇಣದ ತಟ್ಟೆಗೆ ಮೀಟು ಸಿಕ್ಕೀತು, ಮೀಟಿನ ನಂತರದ್ದು ಸೂಜಿಯ ಸರಸರ ಸದ್ದಿನಲ್ಲಿ ಮುಳುಗೀತು.

ಇಲ್ಲಿ ಒಂದು ತಾರೀಖನ್ನು ಗಮನಿಸಿ. ಮೈಸೂರಿನ ವೀಣೆ ಶೇಷಣ್ಣನವರು ಹುಟ್ಟಿದ್ದು 1852ರಲ್ಲಿ, ತೀರಿಕೊಂಡದ್ದು 1926ರಲ್ಲಿ. ಮೈಕ್ ಬಳಸಿ ವಿದ್ಯುತ್ತಿನಿಂದ ಮುದ್ರಿಸುವ ಪದ್ಧತಿಯನ್ನು ಅಮೆರಿಕದ ವಿಕ್ಟರ್ ಮತ್ತು ಕೊಲಂಬಿಯಾ ಕಂಪನಿಗಳು ಕೈಗೆತ್ತಿಕೊಂಡದ್ದು 1925ರಲ್ಲಿ. ಆ ಮಹಾ ವೈಣಿಕರ ಕೈ ಪಳಗಿ ಹಣ್ಣಾದ ವರ್ಷಗಳೆಲ್ಲ ಕಹಳೆಯ ಕಾಲದಲ್ಲೇ ಕಳೆದುಹೋದವು. ಒಂದು ಬಾನಿಯನ್ನು ನಾವು ಶಿಷ್ಯರ ಕೈಯಿಂದ, ಬಲ್ಲವರ ಬಾಯಿಂದ ತಿಳಿಯಬೇಕೇ ಅಥವಾ ಕಿವಿಯಿಂದ ಕೇಳಬಹುದೇ ಎಂಬುದನ್ನು ಯಂತ್ರವೊಂದರ ಹುಟ್ಟಿದ ವರ್ಷ ತೀರ್ಮಾನಿಸುತ್ತದೆ ಎಂದರೆ ಮನಸ್ಸಿಗೆ ಕಷ್ಟವೇ.

ಮೈಕ್ ಬಂದ ಮೇಲೆ ವಾದ್ಯ ಬಲವಂತಪಡಬೇಕಾಗಿರಲಿಲ್ಲ. ಸಣ್ಣ ಕಂಪನವನ್ನೂ ವಿದ್ಯುತ್ತಾಗಿಸಿ, ಹಿಗ್ಗಿಸಿ, ಸೂಜಿಗೆ ಬಲ ಕೊಡಬಹುದಾಯಿತು. ವೆಂಟೆ ಎಂಬ ವಿಜ್ಞಾನಿ 1916ರಲ್ಲಿ ರೂಪಿಸಿದ ಕಂಡೆನ್ಸರ್ ಮೈಕ್, 1924ರ ರಿಬ್ಬನ್ ಮೈಕ್, 1930ರ ದಶಕದ ಆರಂಭದ ಡೈನಮಿಕ್ ಮೈಕ್, ಇವೇ ಮೂರು ಕುಲಗಳು ಇಂದಿಗೂ ಅಂಗಡಿಯಲ್ಲಿವೆ. ನೀವು ಇಂದು ಕೊಳ್ಳುವ ಮೈಕು ಇವುಗಳಲ್ಲೊಂದರ ಮೊಮ್ಮಗ ಎಂದೇ ತಿಳಿಯಿರಿ.

1935 ಒಂದು ವಿಶೇಷ ವರ್ಷ. ಆ ಆಗಸ್ಟಿನಲ್ಲಿ ಬರ್ಲಿನ್ನಿನ ರೇಡಿಯೋ ಪ್ರದರ್ಶನದಲ್ಲಿ ಮ್ಯಾಗ್ನೆಟೊಫೋನ್ ಎಂಬ ಟೇಪು ಯಂತ್ರ ಜನರ ಕಣ್ಣಿಗೆ ಬಿತ್ತು. ಮರುತಿಂಗಳೇ ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆ ಹಬ್ಬಿದ್ದು ಆ ಮನೆಯಿಂದ. ಮನೆಯ ಕೋಣೆಯನ್ನು ಸ್ಟುಡಿಯೋ ಮಾಡುವುದು ಕಂಪ್ಯೂಟರ್ ಬಂದ ಮೇಲಿನ ಹುಚ್ಚು ಎಂದು ಯಾರಾದರೂ ನಿಮ್ಮನ್ನು ಮೂದಲಿಸಿದರೆ ಈ ಪ್ರಾಧ್ಯಾಪಕರನ್ನು ನೆನಪಿಸಿ.

ಮೂರು ನಿಮಿಷದ ತಟ್ಟೆಯಿಂದ ಟೇಪು ರಾಗಾಲಾಪನೆಯನ್ನು ಬಿಡಿಸಿತು. ಆದರೆ ಅದಕ್ಕೆ ತನ್ನದೇ ಆದ ‘ಹಿಸ್’ ಸದ್ದಿತ್ತು. ರೇಡಿಯೋ ಕೇಂದ್ರದ ದೊಡ್ಡ ಟೇಪಿನಲ್ಲಿ ಅದು ಸಹ್ಯ. 1963ರಲ್ಲಿ ಫಿಲಿಪ್ಸ್ ತಂದ ಪುಟ್ಟ ಕ್ಯಾಸೆಟ್ಟಿನಲ್ಲಿ ಜೋರು. ನಮ್ಮ ಮನೆಗಳಿಗೆ ಬಂದ ಟೂ-ಇನ್-ಒನ್‌ಗಳಲ್ಲಿ ಇನ್ನೊಂದು ತೊಡಕಿತ್ತು. ಮುದ್ರಣದ ಮಟ್ಟವನ್ನು ಯಂತ್ರವೇ ನಿರ್ಧರಿಸುತ್ತಿತ್ತು: ಸದ್ದು ಜೋರಾದರೆ ತಗ್ಗಿಸುವುದು, ಮೆಲುವಾದರೆ ಹಿಗ್ಗಿಸುವುದು. ಮಾತಿಗೆ ಇದು ಸರಿ. ವೀಣೆಗೆ? ಪ್ರತಿ ಮೀಟನ್ನೂ ತುಳಿದು, ನಾದ ಇಳಿಯುತ್ತಿದ್ದಂತೆ ಬೀದಿಯ ಸದ್ದನ್ನೂ ಟೇಪಿನ ‘ಹಿಸ್’ ಅನ್ನೂ ಅದು ಎತ್ತಿ ತೋರಿಸುತ್ತಿತ್ತು. ಹಳೆಯ ಕ್ಯಾಸೆಟ್ಟುಗಳಲ್ಲಿ ಅಲೆಯಂತೆ ಏರಿ ಇಳಿಯುವ ಒಂದು ಗಾಳಿ ಕೇಳಿಸುತ್ತದಲ್ಲ, ಅದು ಇದೇ.

ಇನ್ನು ಕಂಪ್ಯೂಟರಿನ ಅಧ್ಯಾಯ. ನಾದವನ್ನು ಅಂಕಿಗಳಾಗಿ ಬರೆದಿಡುವ ವಿದ್ಯೆ 1982ರಲ್ಲಿ ಸಿ.ಡಿ.ಯಾಗಿ ಮಾರುಕಟ್ಟೆಗೆ ಬಂತು: ಸೆಕೆಂಡಿಗೆ 44,100 ಸಲ ಅಳೆಯುವುದು, ಪ್ರತಿ ಅಳತೆಗೂ 65,536 ಮೆಟ್ಟಿಲು. ಮನೆಯ ಕಂಪ್ಯೂಟರಿಗೆ ಈ ಭಾಗ್ಯ ಕೂಡಲೇ ಬರಲಿಲ್ಲ. ಸಿಂಗಪುರದ ಕ್ರಿಯೇಟಿವ್ ಕಂಪನಿ 1989ರಲ್ಲಿ ತಂದ ಸೌಂಡ್ ಬ್ಲಾಸ್ಟರ್ ಕಾರ್ಡಿಗೆ ಇದ್ದದ್ದು 256 ಮೆಟ್ಟಿಲು ಮಾತ್ರ. ಮೀಟು ಈ ಏಣಿಯ ತುದಿ ಮುಟ್ಟಿತು ಎನ್ನಿ. ಗಮಕದ ಬಾಲ ಕೊನೆಯ ನಾಲ್ಕಾರು ಮೆಟ್ಟಿಲುಗಳಲ್ಲಿ ಮುಗ್ಗರಿಸುತ್ತ ಇಳಿಯಬೇಕು. 1992ರ ಸೌಂಡ್ ಬ್ಲಾಸ್ಟರ್ 16 ಸಿ.ಡಿ.ಯ ಮಟ್ಟ ಮುಟ್ಟಿತು, ಕಾಗದದ ಮೇಲೆ. ಕಾರ್ಡು ಕೂತದ್ದು ಕಂಪ್ಯೂಟರಿನ ಹೊಟ್ಟೆಯೊಳಗೆ, ವಿದ್ಯುತ್ ಸರಬರಾಜಿನ ಪೆಟ್ಟಿಗೆಗೂ ತಿರುಗುವ ಡಿಸ್ಕಿಗೂ ನೆರೆಮನೆಯಾಗಿ. ಅವುಗಳ ಗುಂಯ್‌ಗುಡುವಿಕೆಯೂ ಮುದ್ರಣದಲ್ಲಿ ಸೇರುತ್ತಿತ್ತು. 1996ರಲ್ಲಿ ಯು.ಎಸ್.ಬಿ. ಬಂದ ಮೇಲೆ ಮೈಕಿನ ವಿದ್ಯುತ್ತನ್ನು ಅಂಕಿಗಳಾಗಿಸುವ ಕೆಲಸ ಕಂಪ್ಯೂಟರಿನ ಹೊರಗಿನ ಪುಟ್ಟ ಪೆಟ್ಟಿಗೆಗೆ ಹೋಯಿತು. ಇದನ್ನೇ ಇಂದು ಆಡಿಯೋ ಇಂಟರ್‌ಫೇಸ್ ಎನ್ನುತ್ತಾರೆ. ನನ್ನ ದೃಷ್ಟಿಯಲ್ಲಿ ಮನೆಯ ಧ್ವನಿಮುದ್ರಣಕ್ಕೆ ನಿಜವಾದ ತಿರುವು ಇದೇ. ಕಂಪ್ಯೂಟರಿನ ವೇಗ ಹೆಚ್ಚಿದ್ದಲ್ಲ.

ಈಗ ಅಂಗಡಿಗೆ ಹೋಗೋಣ. ಕಂಪ್ಯೂಟರಿಗೆ ಹಣ ಸುರಿಯಬೇಡಿ. ಒಂದು ವೀಣೆಯನ್ನು ಮುದ್ರಿಸಲು ಮನೆಯಲ್ಲಿರುವುದೇ ಸಾಕು. ಮೊದಲ ಹಣ ಮೈಕಿಗೆ. ವೇದಿಕೆಯ ಮೇಲೆ ಎಲ್ಲೆಲ್ಲೂ ಕಾಣುವ ಡೈನಮಿಕ್ ಮೈಕು ಗಾಯಕರ ತುಟಿಯ ಬಳಿಗೆಂದು ಮಾಡಿದ್ದು. ವೀಣೆಯ ಮೆಲುನಾದಕ್ಕೆ ಅದನ್ನು ಬಳಸಿದರೆ ಇಂಟರ್‌ಫೇಸಿನಲ್ಲಿ ಬಹಳ ಹಿಗ್ಗಿಸಬೇಕಾಗಿ ಹಿನ್ನೆಲೆಯ ಸದ್ದೂ ಹಿಗ್ಗುತ್ತದೆ. ವೀಣೆಗೆ ಹಿಡಿಸುವುದು ಕಂಡೆನ್ಸರ್ ಮೈಕ್. ಅದರ ವಿವರಪತ್ರದಲ್ಲಿ ಮೈಕಿನ ಸ್ವಂತ ಸದ್ದು ಎಷ್ಟು ಡೆಸಿಬಲ್ ಎಂದು ಬರೆದಿರುತ್ತದೆ. 15ಕ್ಕಿಂತ ಕಡಿಮೆಯಿರುವುದನ್ನು ಆರಿಸಿ. ಹೆಸರಿಗಿಂತ, ಹೊಳಪಿಗಿಂತ ಈ ಒಂದು ಅಂಕಿ ಮುಖ್ಯ. ಕುದುರೆಯ ಬಳಿ ಅಂಟಿಸುವ ಪಿಕಪ್ ಕಛೇರಿಯಲ್ಲಿ ಉಪಯೋಗಿ, ಆದರೆ ಅದು ಮರದ ಅದುರನ್ನು ಹಿಡಿಯುತ್ತದೆಯೇ ಹೊರತು ಕೊಡದಿಂದ ಹೊಮ್ಮಿ ಕೋಣೆ ತುಂಬುವ ನಾದವನ್ನಲ್ಲ.

ಕಂಡೆನ್ಸರ್ ಮೈಕಿಗೆ ವಿದ್ಯುತ್ ಬೇಕು. ಇಂಟರ್‌ಫೇಸಿನಲ್ಲಿ 48 ವೋಲ್ಟಿನ ಗುಂಡಿಯಿದೆಯೇ ನೋಡಿ. ಈ 48 ಎಲ್ಲಿಂದ ಬಂತು ಎನ್ನುವಿರೋ? 1966ರಲ್ಲಿ ಜರ್ಮನಿಯ ನಾಯ್ಮನ್ ಕಂಪನಿ ನಾರ್ವೆಯ ರೇಡಿಯೋಗೆ ಹೊಸ ಮೈಕುಗಳನ್ನು ಮಾಡಿಕೊಟ್ಟಾಗ, ಅಲ್ಲಿನ ಸ್ಟುಡಿಯೋಗಳಲ್ಲಿ ತುರ್ತು ದೀಪಗಳಿಗಾಗಿ 48 ವೋಲ್ಟ್ ಮೊದಲೇ ಹರಿಯುತ್ತಿತ್ತು. ಅದನ್ನೇ ಮೈಕಿಗೂ ಉಣಿಸಿದರು. ದೀಪದ ತಂತಿ ಜಗತ್ತಿನ ಪದ್ಧತಿಯಾಯಿತು.

ಅಳತೆಯನ್ನು 24 ಬಿಟ್‌ಗೆ ಇಡಿ: 1 ಕೋಟಿ 67 ಲಕ್ಷಕ್ಕೂ ಮೀರಿದ ಮೆಟ್ಟಿಲುಗಳು. ಹೀಗಾಗಿ ಜೋರಾದ ಮೀಟು ಕೂಡ ಮೇಲಿನ ಮಿತಿಗಿಂತ 12 ಡೆಸಿಬಲ್ ಕೆಳಗೇ ನಿಲ್ಲುವಂತೆ ಧೈರ್ಯವಾಗಿ ತಗ್ಗಿಸಿಡಬಹುದು. ಒಂದೇ ಮೈಕಾದರೆ ಗಂಟೆಗೆ ಸುಮಾರು 520 ಎಂ.ಬಿ. ಜಾಗ ಸಾಕು. 2000ದಲ್ಲಿ ಬಂದ ಆಡಾಸಿಟಿ ಎಂಬ ಉಚಿತ ತಂತ್ರಾಂಶ ಈ ಕೆಲಸಕ್ಕೆ ಧಾರಾಳವಾಯಿತು.

ಒಂದು ಎಚ್ಚರಿಕೆ. ಟೂ-ಇನ್-ಒನ್‌ನ ಹಳೆಯ ಭೂತ ಹೊಸ ವೇಷದಲ್ಲಿ ಬಂದಿದೆ. ಇಂದಿನ ಕಂಪ್ಯೂಟರು, ಮೊಬೈಲುಗಳಲ್ಲಿ ಮಾತಿಗಾಗಿ ಅಳವಡಿಸಿದ ಗದ್ದಲ ನಿವಾರಣೆ ಇರುತ್ತದೆ. ಒಂದೇ ಸಮನೆ ನುಡಿಯುವುದೆಲ್ಲ ಅದರ ಲೆಕ್ಕದಲ್ಲಿ ಗದ್ದಲ. ತಂಬೂರಿಯನ್ನು ಫ್ಯಾನು ಎಂದು ಬಗೆದು ಅಳಿಸುತ್ತದೆ, ಗಮಕದ ಬಾಲವನ್ನು ಕತ್ತರಿಸುತ್ತದೆ. ಮುದ್ರಣಕ್ಕೆ ಮುನ್ನ ಅಂಥವನ್ನೆಲ್ಲ ಹುಡುಕಿ ಆರಿಸಿ.

ನಿಮ್ಮ ಮನೆಯಲ್ಲಿ ವೀಣೆ ನುಡಿಸುವ ಹಿರಿಯರಿದ್ದರೆ, ಅವರ ಬೆರಳು ಇನ್ನೂ ಗಟ್ಟಿಯಿರುವಾಗಲೇ ಈ ಕೆಲಸವಾಗಲಿ. ಬೆಳಗಿನ ಜಾವ, ಫ್ಯಾನು ನಿಲ್ಲಿಸಿ, ನೆಲಕ್ಕೆ ಜಮಖಾನ ಹಾಸಿ, ಗೋಡೆಗೆ ದಪ್ಪ ಹೊದಿಕೆ ತೂಗುಹಾಕಿ. ಕೊಡದಿಂದ ಒಂದೂವರೆ ಅಡಿ ದೂರದಲ್ಲಿ ಮೈಕಿರಲಿ, ಮುಖ ಕುದುರೆಗೂ ಕೊನೆಯ ಮೆಟ್ಟಿಲಿಗೂ ನಡುವೆ. ಕೀರ್ತನೆ ಮುಗಿದು ಅವರು ಕೈ ತೆಗೆದ ಕೂಡಲೇ ಗುಂಡಿ ಒತ್ತಬೇಡಿ. ತಾಳದ ತಂತಿಗಳು ಇನ್ನೂ ನುಡಿಯುತ್ತಿರುತ್ತವೆ.