ವಾರಸುದಾರರಿಲ್ಲದ ಜೀವಗಳು: ರಾಯಚೂರು ಸೀಮೆಯಲ್ಲಿ ಪ್ರಾಣಿ ಚಿಕಿತ್ಸೆಯ ಚರಿತ್ರೆ

ರಾಯಚೂರು ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲು ಇದೆ. 1294ರಲ್ಲಿ, ಕಾಕತೀಯರ ಕಾಲದಲ್ಲಿ, ವಿಠಲನೆಂಬ ಅಧಿಕಾರಿ ಕೋಟೆ ಕಟ್ಟಿಸಿದ ವಿಷಯವನ್ನು ಅದರ ಮೇಲೆ ಕೆತ್ತಿಸಿದ್ದಾರೆ. ಅದೇ ಗೋಡೆಯಲ್ಲಿ ಒಂದು ಚಿತ್ರವೂ ಇದೆ. ಆ ಕಲ್ಲನ್ನು ಗಟ್ಟಿ ಗಾಲಿಯ ಬಂಡಿಗೆ ಹೇರಿ, ಕೋಣಗಳ ಉದ್ದನೆಯ ಸಾಲು ಹೂಡಿ ಎಳೆಸುತ್ತಿದ್ದಾರೆ. ಆಳುಗಳು ಗಾಲಿಗೆ ಸನ್ನೆಕೋಲು ಹಾಕಿ ದೂಡುತ್ತಿದ್ದಾರೆ. ಕೃಷ್ಣಾ–ತುಂಗಭದ್ರೆಗಳ ನಡುವಿನ ಈ ಎಡೆದೊರೆ ನಾಡಿನಲ್ಲಿ ಪ್ರಾಣಿಯ ದುಡಿಮೆ ಇಷ್ಟು ಕಣ್ಣಿಗೆ ಕಟ್ಟುವಂತೆ ದಾಖಲಾದ ಇನ್ನೊಂದು ಜಾಗ ಸಿಗಲಿಕ್ಕಿಲ್ಲ. ಇಂದಿಗೂ ಕಾರಹುಣ್ಣಿಮೆಯ ಹೊತ್ತಿಗೆ ನಡೆಯುವ ಮುಂಗಾರು ಹಬ್ಬದಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುವುದನ್ನು ನೋಡಲು ಸುತ್ತಲಿನ ಊರುಗಳ ಜನ ರಾಯಚೂರಿಗೆ ಬರುತ್ತಾರೆ. ದುಡಿಯುವ ಪ್ರಾಣಿಗೆ ಇಲ್ಲಿ ಮರ್ಯಾದೆ ಉಂಟು, ಹಬ್ಬ ಉಂಟು, ಔಷಧವೂ ಉಂಟು. ಯಾರ ಮನೆಯ ಗೂಟಕ್ಕೂ ಸೇರದೆ ಬೀದಿಯಲ್ಲಿ ಕಾಲು ಮುರಿದುಕೊಂಡು ಬಿದ್ದ ಪ್ರಾಣಿಗೆ ಏನು ವ್ಯವಸ್ಥೆ ಇತ್ತು ಎಂದು ಹುಡುಕಹೊರಟರೆ ಮಾತ್ರ ಚರಿತ್ರೆ ಬರಿದಾಗುತ್ತದೆ. ಜನರ ಮನಸ್ಸು ಕಲ್ಲಾಗಿದ್ದುದು ಇದಕ್ಕೆ ಕಾರಣವಲ್ಲ. ಪ್ರಾಣಿಯ ಆರೈಕೆಯನ್ನು ನಾವು ಹಿಂದಿನಿಂದಲೂ ಅದರ ಒಡೆಯನ ಮೂಲಕವೇ ಯೋಚಿಸಿಕೊಂಡು ಬಂದೆವು. ಒಡೆಯನಿಲ್ಲದ ಪ್ರಾಣಿ ದಯೆಯ ಪಾಲಿಗೆ ಬಂತು, ವ್ಯವಸ್ಥೆಯ ಪಾಲಿಗೆ ಬರಲಿಲ್ಲ. ರಾಯಚೂರು, ದೇವದುರ್ಗ, ಮಾನ್ವಿಗಳ ಬೀದಿಯಲ್ಲಿ ಇಂದು ಕಾಣುವ ಸಂಕಟದ ಬೇರು ಇಲ್ಲಿದೆ ಎಂಬುದು ನನ್ನ ವಾದ.

ಕನ್ನಡದಲ್ಲಿ ಪಶುವೈದ್ಯದ ಪರಂಪರೆ ಬಡವಾದುದೇನಲ್ಲ. ಕಲ್ಯಾಣದ ಚಾಲುಕ್ಯರ ಮನೆತನದ ಕೀರ್ತಿವರ್ಮ 1100ರ ಸುಮಾರಿನಲ್ಲೇ ‘ಗೋವೈದ್ಯ’ ಬರೆದ. ಆಗ ಈ ಸೀಮೆ ಅದೇ ಮನೆತನದ ಆಳ್ವಿಕೆಯಲ್ಲಿತ್ತು. ಕೆಲವು ಶತಮಾನಗಳ ಬಳಿಕ ಅಭಿನವಚಂದ್ರ ಕುದುರೆಗಳ ವೈದ್ಯವನ್ನು ಕುರಿತು ಬರೆದ. ಚಾಲುಕ್ಯ ಮೂರನೆಯ ಸೋಮೇಶ್ವರನ ಸಂಸ್ಕೃತ ‘ಮಾನಸೋಲ್ಲಾಸ’ದಲ್ಲಿ ಆನೆ, ಕುದುರೆಗಳ ಜೊತೆ ಬೇಟೆನಾಯಿಗೂ ಜಾಗ ಸಿಕ್ಕಿದೆ. ದನ ಹೊಲಕ್ಕೆ ಬೇಕು, ಕುದುರೆ ದಂಡಿಗೆ ಬೇಕು, ನಾಯಿ ಬೇಟೆಗೆ ಬೇಕು. ಗ್ರಂಥಗಳು ಹುಟ್ಟಿದ್ದು ಈ ಬೇಕುಗಳಿಂದ. ನಾಯಿಯ ನೆನಪಿಗೆ ನಿಂತ ಕಲ್ಲುಗಳಲ್ಲಿ ಹೆಸರಾಂತದ್ದು ಮಂಡ್ಯ ಜಿಲ್ಲೆಯ ಆತಕೂರಿನದು, ಕ್ರಿ.ಶ. 949–50ರದು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗ ದೊರೆ ಇಮ್ಮಡಿ ಬೂತುಗ ಮೆಚ್ಚಿ ಏನು ಬೇಕೆಂದಾಗ ಅವನ ವೀರ ಮಣಲೇರ ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಕಾಳಿ ಹಂದಿಯೊಡನೆ ಕಾದಿ ಸತ್ತಾಗ ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಟ್ಟರು. ಓದಿದವರ ಮನಸ್ಸು ತುಂಬಿ ಬರುವ ಶಾಸನ ಅದು. ಆದರೂ ಒಂದು ಮಾತು ಗಮನಿಸಬೇಕು: ಕಾಳಿ ಮೊದಲು ದೊರೆಯ ನಾಯಿ, ಆಮೇಲೆ ವೀರನ ನಾಯಿ. ಅದಕ್ಕೆ ಹೆಸರು ಉಳಿದದ್ದು ಒಡೆಯನ ಹೆಸರಿನ ಜೊತೆಗೆ.

ಈ ವಾದಕ್ಕೆ ಎದುರು ನಿಲ್ಲುವ ಸಾಕ್ಷ್ಯ ಒಂದೇ, ಅದು ಬಹಳ ದೊಡ್ಡದು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಶಾಸನ ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕನ ಹೆಸರನ್ನೂ ಹೇಳಿ, ಆ ಬಿರುದಿನ ದೊರೆ ಯಾರೆಂಬ ಇತಿಹಾಸದ ಒಗಟನ್ನು ಬಿಡಿಸಿತು. ತುಂಗಭದ್ರೆಯ ಆಚೆ, ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಅವನ ಹದಿನಾಲ್ಕು ದೊಡ್ಡ ಬಂಡೆಶಾಸನಗಳೂ ಇವೆ. ಅವುಗಳಲ್ಲಿ ಎರಡನೆಯದು ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದನ್ನು, ಇಲ್ಲದ ಕಡೆಗೆ ಗಿಡಮೂಲಿಕೆ ತರಿಸಿ ನೆಡಿಸಿದ್ದನ್ನು, ದಾರಿಯುದ್ದಕ್ಕೂ ಬಾವಿ ತೋಡಿಸಿ ಮರ ಬೆಳೆಸಿದ್ದನ್ನು ಹೇಳುತ್ತದೆ. ಈ ಪ್ರಾಣಿ ಯಾರದು ಎಂದು ಅಲ್ಲಿ ಕೇಳಿಲ್ಲ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲೇ ಒಂದು ಸರ್ಕಾರ, ಬಾವಿ ಮತ್ತು ಸಾಲುಮರದ ಪಕ್ಕದಲ್ಲೇ ಪ್ರಾಣಿಚಿಕಿತ್ಸೆಯನ್ನೂ ತನ್ನ ಸಾರ್ವಜನಿಕ ಕೆಲಸವೆಂದು ಬರೆಸಿತು ಎಂಬುದು ನಮ್ಮ ಸೀಮೆಯ ಆಸುಪಾಸಿನಲ್ಲೇ ಕಲ್ಲಿನಲ್ಲಿ ಉಳಿದಿದೆ. ಅದು ಎಷ್ಟರ ಮಟ್ಟಿಗೆ ಜಾರಿಯಾಯಿತು ಎಂಬುದನ್ನು ಶಾಸನ ಹೇಳುವುದಿಲ್ಲ. ಮುಂದಿನ ಅರಸು ಮನೆತನಗಳು ಅದನ್ನು ಪರಂಪರೆಯಾಗಿ ಮುಂದುವರಿಸಿದ ಗುರುತೂ ಇಲ್ಲ. ಆದರೂ ಬೀದಿಪ್ರಾಣಿಯ ಆರೈಕೆ ಇತ್ತೀಚೆಗೆ ಪಟ್ಟಣದವರು ತಂದ ಶೋಕಿ ಎನ್ನುವವರು ಎರ್ರಗುಡಿಯ ಬಂಡೆಯ ಮುಂದೆ ಒಮ್ಮೆ ನಿಲ್ಲಬೇಕು.

ಜನರ ನಡುವೆ ದಯೆ ಬೇರೆ ದಾರಿಯಲ್ಲಿ ಬೆಳೆಯಿತು. ಮೈಲಾರಲಿಂಗನ ಒಕ್ಕಲಲ್ಲಿ ನಾಯಿ ದೇವರ ಪರಿವಾರದ್ದು. ಗೊರವರು, ವಗ್ಗಯ್ಯಗಳು ನಾಯಿಯಂತೆ ಬೊಗಳಿ, ದೋಣಿ ಎಂಬ ಪಾತ್ರೆಯಲ್ಲಿಟ್ಟ ಹಾಲು ಬಾಳೆಹಣ್ಣಿಗೆ ಬಾಯಿ ಹಾಕುವುದು ಇಂದಿಗೂ ನಡೆದಿದೆ. ರಾಯಚೂರು ತಾಲೂಕಿನಲ್ಲಿ ಕೃಷ್ಣೆಯ ನಡುಗಡ್ಡೆಯಾದ ಕುರುವಪುರ ದತ್ತಕ್ಷೇತ್ರ; ದತ್ತನ ಚಿತ್ರಪಟದಲ್ಲಿ ಕಾಲಬಳಿ ನಾಯಿಗಳು ಇರಲೇಬೇಕು. ಮಾನ್ವಿ ಜಗನ್ನಾಥದಾಸರ ಊರು, ದೇವದುರ್ಗ ತಾಲೂಕಿನ ಮೊಸರಕಲ್ಲು ಗೋಪಾಲದಾಸರ ಊರು. ಈ ಹರಿದಾಸರ ನೆಲದಲ್ಲಿ ಜೀವ ಜೀವದಲ್ಲೂ ದೇವರನ್ನು ಕಾಣುವ ಮಾತು ಮನೆಮಾತು. ಇದನ್ನು ಮುಂದಿಟ್ಟುಕೊಂಡು ಕೆಲವರು ಕೇಳುತ್ತಾರೆ: ಉಳಿದ ರೊಟ್ಟಿ ನಾಯಿಗೆ, ಅಕ್ಕಿ ತೊಳೆದ ನೀರು ದನಕ್ಕೆ ಇಡುವ ಊರಿಗೆ ಸಂಸ್ಥೆ, ಕಾನೂನು, ಆಶ್ರಯತಾಣ ಏತಕ್ಕೆ? ಕೇಳಬೇಕಾದ ಪ್ರಶ್ನೆಯೇ. ಆದರೆ ರೊಟ್ಟಿ ಹಸಿವಿಗೆ ಮದ್ದು, ಹುಳ ಬಿದ್ದ ಗಾಯಕ್ಕಲ್ಲ. ಓಣಿಯ ನಾಯಿಗೆ ಓಣಿಯೇ ಲೋಕವಾಗಿದ್ದಾಗ ಅದಕ್ಕೆ ಬರುತ್ತಿದ್ದದ್ದು ಕಜ್ಜಿ, ಕಚ್ಚಾಟದ ಗಾಯ. ಅರಿಸಿನ, ಬೇವಿನೆಣ್ಣೆಯಲ್ಲಿ ಕೆಲವು ವಾಸಿಯಾಗುತ್ತಿದ್ದವು, ಕೆಲವು ಇಲ್ಲ. ರಾಯಚೂರಿನಿಂದ ಮಾನ್ವಿ ದಾಟಿ ಸಿಂಧನೂರಿಗೆ ಹೋಗುವ ರಸ್ತೆಯಲ್ಲಿ ಲಾರಿ ಬಡಿದು ಸೊಂಟದ ಮೂಳೆ ಮುರಿದ ನಾಯಿಗೆ, ಹೊಟ್ಟೆಯ ತುಂಬ ಪ್ಲಾಸ್ಟಿಕ್ ತುಂಬಿಕೊಂಡ ಹಸುವಿಗೆ ಬೇಕಾದದ್ದು ಎಕ್ಸ್‌ರೇ, ಶಸ್ತ್ರಚಿಕಿತ್ಸೆ, ವಾರಗಟ್ಟಲೆ ಇರಿಸಿಕೊಳ್ಳುವ ಜಾಗ. ಮನೆಯೊಂದರ ದಯೆ ಎಷ್ಟೇ ದೊಡ್ಡದಿದ್ದರೂ ಇಷ್ಟನ್ನು ಹೊರಲಾರದು.

ಹಾಗಾದರೆ ಆಡಳಿತ ಏನು ಕಟ್ಟಿತು? ಬೀದಿಗೆ ಬಂದ ಪ್ರಾಣಿಗಾಗಿ ಅದು ಕಟ್ಟಿದ ಮನೆ ಕೊಂಡವಾಡ. ಬ್ರಿಟಿಷ್ ಭಾರತದಲ್ಲಿ 1871ರ ಕಾಯ್ದೆ, ಏಕೀಕರಣದ ಬಳಿಕ ಇಡೀ ರಾಜ್ಯಕ್ಕೆ 1966ರ ಕರ್ನಾಟಕದ ಕಾಯ್ದೆ ಇದನ್ನು ನಡೆಸಿದವು. ಪೈರು ಮೇಯ್ದ ದನವನ್ನು ಹಿಡಿದು ಕೂಡಿಹಾಕುವುದು, ಒಡೆಯ ಬಂದು ದಂಡವನ್ನೂ ಮೇವಿನ ಖರ್ಚನ್ನೂ ಕಟ್ಟಿ ಬಿಡಿಸಿಕೊಳ್ಳುವುದು, ಗೊತ್ತಾದ ಅವಧಿಯೊಳಗೆ ಯಾರೂ ಬಾರದಿದ್ದರೆ ಹರಾಜು. ರೈತನ ಬೆಳೆ ಕಾಯಲು ಇದು ಬೇಕಾಗಿತ್ತು, ಅದನ್ನು ದೂರುವುದು ನ್ಯಾಯವಲ್ಲ. ಆದರೆ ಅಲ್ಲಿ ಪ್ರಾಣಿ ಒಡೆಯನ ತಪ್ಪಿಗೆ ಇಟ್ಟ ಒತ್ತೆ. ಅದರ ಗಾಯ ಯಾರ ಲೆಕ್ಕಕ್ಕೂ ಸೇರಿದ್ದಲ್ಲ. ನಾಯಿಗೆ ಕೊಂಡವಾಡವೂ ಇರಲಿಲ್ಲ. 1832ರಲ್ಲಿ ಮುಂಬಯಿ ಸರ್ಕಾರ ಬೀದಿನಾಯಿ ಕೊಲ್ಲಿಸಹೊರಟಾಗ ಪಾರ್ಸಿಗಳು ದಂಗೆ ಎದ್ದರು. ಎರಡು ವರ್ಷದಲ್ಲಿ ಜಮ್ಷೇಟ್‌ಜಿ ಜೀಜಿಭಾಯ್ ಮುಂದಾಗಿ ಅಲ್ಲಿ ಪಾಂಜ್ರಾಪೋಳ್ ಎಂಬ ಪ್ರಾಣಿಗಳ ಆಶ್ರಯತಾಣ ಕಟ್ಟಿದರು. ಇತ್ತ ನಮ್ಮ ಕಡೆ, 1871ರಲ್ಲಿ ಮುಂಬಯಿ ಕಡೆಯ ರೈಲೂ ಮದ್ರಾಸಿನ ರೈಲೂ ರಾಯಚೂರಿನಲ್ಲೇ ಕೂಡಿಕೊಂಡು ಊರು ದೊಡ್ಡ ಮಾರುಕಟ್ಟೆಯಾಗಿ ಬೆಳೆಯಿತು. ಪಟ್ಟಣ ಬೆಳೆದಷ್ಟೂ ಕಸ, ಕಸದಷ್ಟೇ ಬೀದಿಪ್ರಾಣಿ. ಪುರಸಭೆಗಳು ನಾಯಿಯ ವಿಷಯದಲ್ಲಿ ಕಲಿತ ಪಾಠ ಒಂದೇ, ಹಿಡಿದು ಕೊಲ್ಲುವುದು. ಈ ಕ್ರೌರ್ಯದ ಹಿಂದೆ ನಿಜವಾದ ಭಯವಿತ್ತು ಎಂಬುದನ್ನು ಮರೆಯಬಾರದು. ಆಗ ಹುಚ್ಚುನಾಯಿ ಕಡಿದರೆ ಸಾವೇ ಗತಿ ಎಂಬಂತಿತ್ತು. ದಕ್ಷಿಣ ಭಾರತಕ್ಕೆ ಕೂನೂರಿನ ಪಾಶ್ಚರ್ ಸಂಸ್ಥೆ ಬಂದದ್ದು 1907ರಲ್ಲಿ, ಅಲ್ಲಿಗೆ ಹೋಗುವ ಶಕ್ತಿ ಎಷ್ಟು ಬಡವರಿಗಿತ್ತು? ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ 1960ರ ಕಾಯ್ದೆಯೇ ತನ್ನ 11ನೆಯ ಕಲಮಿನಲ್ಲಿ ಬೀದಿನಾಯಿಗಳನ್ನು ವಿಷಾನಿಲದ ಕೋಣೆಯಲ್ಲಿ ಕೊಲ್ಲುವುದನ್ನು ಕ್ರೌರ್ಯದ ವ್ಯಾಖ್ಯೆಯಿಂದ ಹೊರಗಿಟ್ಟಿತು. ದಯೆಯ ಕಾನೂನಿನ ಒಳಗೂ ಒಡೆಯನಿಲ್ಲದ ನಾಯಿ ಹೊರಗೇ ಉಳಿಯಿತು.

ದನದ ದವಾಖಾನೆಗಳು ಬಂದವು, ಮತ್ತು ದೊಡ್ಡ ಕೆಲಸ ಮಾಡಿದವು. ಈ ಭಾಗ ನಿಜಾಮರ ಆಳ್ವಿಕೆಯಲ್ಲಿದ್ದಾಗಲೇ, 1946ರಲ್ಲಿ, ಹೈದರಾಬಾದಿನಲ್ಲಿ ಪಶುವೈದ್ಯ ಕಾಲೇಜು ಆರಂಭವಾಯಿತು. ರಾಯಚೂರು ವಿಶಾಲ ಮೈಸೂರಿಗೆ ಸೇರಿದ ಎರಡು ವರ್ಷಕ್ಕೆ ಹೆಬ್ಬಾಳದಲ್ಲಿ, 1985ರಲ್ಲಿ ಬೀದರಿನಲ್ಲಿ ಕಾಲೇಜುಗಳು ಬಂದವು. ದನಗಳ ಹಟ್ಟಿಗಳನ್ನೇ ಬರಿದು ಮಾಡುತ್ತಿದ್ದ ದೊಡ್ಡರೋಗವನ್ನು (ರಿಂಡರ್‌ಪೆಸ್ಟ್) ದೇಶದಿಂದಲೇ ಓಡಿಸಿದ್ದು, 2011ರಲ್ಲಿ ಜಗತ್ತಿನಿಂದಲೇ ಅಳಿಸಿದ್ದು ಇಂಥ ದವಾಖಾನೆಗಳ ಸೂಜಿಯೇ. ದೇವದುರ್ಗ, ಮಾನ್ವಿಯ ತಾಲೂಕು ಆಸ್ಪತ್ರೆಗಳ ವೈದ್ಯರು ಕಾಲುಬಾಯಿ ಜ್ವರ, ಗಳಲೆ, ಚಪ್ಪೆರೋಗಗಳ ಲಸಿಕೆ ಹಾಕುತ್ತ ಹಳ್ಳಿ ಹಳ್ಳಿ ಸುತ್ತುತ್ತಾರೆ. ಆದರೆ ಈ ಇಡೀ ಏರ್ಪಾಡು ರೈತನ ಬಾಗಿಲಿಗೆ ಹೋಗಲೆಂದು ರೂಪುಗೊಂಡದ್ದು. ದನದ ಕಿವಿಯಲ್ಲಿ ನೇತಾಡುವ 12 ಅಂಕಿಯ ಹಳದಿ ಬಿಲ್ಲೆಯ ಹಿಂದಿನ ದಾಖಲೆಯಲ್ಲೂ ಮಾಲೀಕನ ಹೆಸರಿದೆ. ಇತ್ತ ಹೊಲದ ಕತೆಯೇ ಬದಲಾಯಿತು. ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿಯ ಕಪ್ಪು ಹೊಲಗಳನ್ನು ಭತ್ತದ ಗದ್ದೆ ಮಾಡಿತು, ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗಕ್ಕೆ ನೀರು ತಂದಿತು. ನೀರಿನ ಹಿಂದೆ ಟ್ರ್ಯಾಕ್ಟರ್ ಬಂತು, ಯಂತ್ರದಿಂದ ಕೊಯ್ದ ಹೊಲದಲ್ಲಿ ಮೇವೂ ಕಡಿಮೆಯಾಯಿತು. ಹೂಡುವ ಕೆಲಸವಿಲ್ಲದ ಹೋರಿಕರು, ಹಾಲು ಬತ್ತಿದ ಹಸು ಬಸ್‌ನಿಲ್ದಾಣ, ಗಂಜ್ ಮಾರುಕಟ್ಟೆಯ ಸುತ್ತಮುತ್ತ ಬಂದು ನಿಂತವು. ನೂರಾರು ವರ್ಷ ವ್ಯವಸ್ಥೆಯ ಒಳಗಿದ್ದ ದನ ಎರಡು ತಲೆಮಾರಿನಲ್ಲಿ ನಾಯಿಯ ಸ್ಥಿತಿಗೆ ಇಳಿಯಿತು. ಬಿಡಾಡಿ ದನ ಎಂದು ಬೈಯುವ ನಾವು, ಅದನ್ನು ಬಿಟ್ಟವರು ಯಾರೆಂದು ಕೇಳುವುದಿಲ್ಲ.

ಕಾನೂನು ತಿರುಗಿದ್ದು 2001ರಲ್ಲಿ. ಆ ವರ್ಷದ ಒಂದು ನಿಯಮಾವಳಿ ಬೀದಿನಾಯಿಗಳನ್ನು ಕೊಲ್ಲದೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬಿಸ್ ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಬೇಕೆಂದಿತು. ಇನ್ನೊಂದು, ಪ್ರತಿ ಜಿಲ್ಲೆಯಲ್ಲೂ ಪ್ರಾಣಿ ದಯಾ ಸಂಘ ಇರಬೇಕು, ರೋಗಿ ಪ್ರಾಣಿಗಳಿಗೆ ಶುಶ್ರೂಷಾ ಕೇಂದ್ರವೂ ಆಶ್ರಯತಾಣವೂ ಇರಬೇಕೆಂದಿತು. 2023ರ ಹೊಸ ನಿಯಮಗಳು ಬೀದಿಪ್ರಾಣಿಗೆ ಸಮುದಾಯ ಪ್ರಾಣಿ ಎಂಬ ಹೆಸರು ಕೊಟ್ಟವು. ಯಾರೂ ತಮ್ಮದೆನ್ನದ ಪ್ರಾಣಿ ಇನ್ನು ಊರಿನದು ಎಂದಂತಾಯಿತು. ಅಶೋಕನ ಬಂಡೆಯ ಬಳಿಕ ಇಂಥ ಮಾತು ಆಡಳಿತದ ಬಾಯಲ್ಲಿ ಬರಲು ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಹಿಡಿಯಿತು.

ಇದಕ್ಕೆ ಬರುವ ಗಟ್ಟಿ ಆಕ್ಷೇಪ ಬಡತನದ್ದು. ಕೇಂದ್ರ ಸರ್ಕಾರವೇ ಹಿಂದುಳಿದವುಗಳ ಪಟ್ಟಿಗೆ ಸೇರಿಸಿ ಮಹತ್ವಾಕಾಂಕ್ಷೆಯ ಜಿಲ್ಲೆ ಎಂದು ಕರೆದ ರಾಯಚೂರಿನಲ್ಲಿ, ಮಕ್ಕಳ ಅಪೌಷ್ಟಿಕತೆ ನೀಗದಿರುವಾಗ ನಾಯಿಯ ಕಾಲಿಗೆ ಪ್ಲಾಸ್ಟರ್ ಹಾಕುವುದೇ? ಮನುಷ್ಯರ ಕಷ್ಟವನ್ನು ಕಡೆಗಣಿಸಿ ಹೇಳುವ ಪ್ರಾಣಿದಯೆ ನನಗೂ ಒಪ್ಪಿಗೆಯಲ್ಲ. ಆದರೆ ಲೆಕ್ಕ ಸರಿಯಾಗಿ ಹಾಕೋಣ. ನಾಯಿ ಕಡಿತಕ್ಕೆ ಸಿಗುವವರಲ್ಲಿ ಬಯಲಿಗೆ ಆಡಲು ಹೋದ ಮಕ್ಕಳು, ನಸುಕಿನಲ್ಲಿ ಕೂಲಿಗೆ ಹೊರಟವರು ಬಹಳ. ಕೂಲಿ ಬಿಟ್ಟು ಲಸಿಕೆಗೆ ಮತ್ತೆ ಮತ್ತೆ ಆಸ್ಪತ್ರೆಗೆ ಅಲೆಯುವವರೂ ಅವರೇ. ನಾಯಿಗಳಲ್ಲಿ ನೂರಕ್ಕೆ 70ರಷ್ಟಕ್ಕೆ ಲಸಿಕೆ ಹಾಕಿದರೆ ರೇಬಿಸ್ ಹರಡುವುದು ನಿಲ್ಲುತ್ತದೆ, ಬರಿಯ ಕೊಲ್ಲುವಿಕೆಯಿಂದ ನಿಲ್ಲುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಬಹುಕಾಲದಿಂದ ಹೇಳುತ್ತಿದೆ. ಗಾಯಗೊಂಡ ನಾಯಿಗೆ ಚಿಕಿತ್ಸೆ ಕೊಡುವ ಕೋಣೆಯೇ ಸಂತಾನಹರಣದ, ಲಸಿಕೆಯ ಕೋಣೆ. ವೈದ್ಯ ಒಬ್ಬನೇ, ಪಂಜರ ಒಂದೇ. ಬಡವರ ಮಗುವಿಗಾಗಿ ಬೇಕಾದ ಕೇಂದ್ರವೂ ಇದೇ. ಕಡಿತದ ಭಯವಿರುವವರ ಮಾತಿನಲ್ಲೂ ಹುರುಳಿದೆ: ಲಸಿಕೆ ಹಾಕಿಸದೆ ಬರಿಯ ಅನ್ನ ಹಾಕುವವರು ಅರ್ಧ ಕೆಲಸ ಮಾಡುತ್ತಿದ್ದಾರೆ. ವಾಸಿಯಾಗದ ನರಳಾಟಕ್ಕೆ ವೈದ್ಯರ ಕೈಯಲ್ಲಿ ನೋವಿಲ್ಲದ ಸಾವು ಕೊಡಲು ನಿಯಮ ಅವಕಾಶ ಇಟ್ಟಿದೆ, ಅದನ್ನು ಪಾಪವೆಂದು ಹೆದರಬೇಕಿಲ್ಲ.

ಈಗ ಈ ಪ್ರಶ್ನೆಯನ್ನು ಮುಂದೂಡುವ ದಾರಿಯೂ ಮುಚ್ಚಿದೆ. ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ಹಿಡಿದು ಆಶ್ರಯತಾಣಕ್ಕೆ ಸೇರಿಸಬೇಕು, ಹೆದ್ದಾರಿಯ ಬಿಡಾಡಿ ದನಗಳನ್ನು ತೆರವುಗೊಳಿಸಿ ಆಶ್ರಯ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಆದೇಶಿಸಿದೆ. ಎಲ್ಲಿಗೆ ಸೇರಿಸುವುದು? ವೈದ್ಯನಿಲ್ಲದ, ಮೇವಿಲ್ಲದ, ನೆರಳಿಲ್ಲದ ಬೇಲಿಯೊಳಗೆ ಕೂಡಿಹಾಕಿದರೆ ಅದು ಹಳೆಯ ಕೊಂಡವಾಡವೇ, ಬಿಡಿಸಿಕೊಳ್ಳಲು ಬರುವ ಒಡೆಯನೂ ಇಲ್ಲದ ಕೊಂಡವಾಡ. ಏಪ್ರಿಲ್, ಮೇ ತಿಂಗಳ ರಾಯಚೂರಿನ ಬಿಸಿಲಿನಲ್ಲಿ ಅಂಥ ಬೇಲಿಯೊಳಗೆ ಪ್ರಾಣಿ ಬಹಳ ದಿನ ಬದುಕುವುದಿಲ್ಲ. ಆದ್ದರಿಂದ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಣಿ ದಯಾ ಸಂಘ ಮೊದಲು ರಾಯಚೂರಿನಲ್ಲಿ ಶಸ್ತ್ರಚಿಕಿತ್ಸೆಯ ಅನುಕೂಲವಿರುವ ಶುಶ್ರೂಷಾ ಕೇಂದ್ರಕ್ಕೆ ಜಾಗ ಗುರುತಿಸಲಿ. ದೇವದುರ್ಗ, ಮಾನ್ವಿಯ ದನದ ದವಾಖಾನೆಗಳಲ್ಲಿ ವಾರಕ್ಕೊಂದು ದಿನವಾದರೂ ಬೀದಿಪ್ರಾಣಿಗಳಿಗೆ ಮೀಸಲಾಗಲಿ, ಅದರ ಔಷಧದ ಖರ್ಚು ಪುರಸಭೆಯ ಬಜೆಟ್ಟಿನಲ್ಲಿ ಬೇರೆ ಬಾಬಾಗಿ ಕಾಣಲಿ. ಬಜೆಟ್ ಸಭೆಗೆ ಮುನ್ನ ನಿಮ್ಮ ವಾರ್ಡಿನ ಸದಸ್ಯರನ್ನು ಕಂಡು ಆ ಬಾಬು ಇದೆಯೇ ಎಂದು ಕೇಳಿ. ಇಲ್ಲವೆಂದರೆ ಸೇರಿಸಿ ಎಂದು ಬರೆದುಕೊಡಿ.