ಬಿದ್ದ ಬಾವುಟಗಳ ಬಣ್ಣ

ಅಮೆರಿಕದ ರೈಲು ಮಾದರಿ ಹವ್ಯಾಸಿಗಳನ್ನು ಅವರ ಮೆಚ್ಚಿನ ಡೀಸೆಲ್ ಎಂಜಿನ್ನಿನ ಬಣ್ಣ ಯಾವುದೆಂದು ಕೇಳಿದರೆ ಮತ್ತೆ ಮತ್ತೆ ಬರುವ ಹೆಸರುಗಳು ಸಾಂಟಾ ಫೆ, ಸದರ್ನ್ ಪೆಸಿಫಿಕ್, ಗ್ರೇಟ್ ನಾರ್ದರ್ನ್, ಪೆನ್ಸಿಲ್ವೇನಿಯಾ, ಎರಿ ಲ್ಯಾಕವಾನಾ, ನ್ಯೂ ಹೇವನ್. ಇವುಗಳಲ್ಲಿ ಒಂದು ಕಂಪನಿಯೂ ಇಂದು ಉಳಿದಿಲ್ಲ. ವಿಲೀನವಾಗಿಯೋ ದಿವಾಳಿಯಾಗಿಯೋ ಮರೆಯಾದ ಇಂಥ ರೈಲು ಕಂಪನಿಗಳನ್ನು ಅಲ್ಲಿನವರು ‘ಬಿದ್ದ ಬಾವುಟಗಳು’ ಎಂದು ಕರೆಯುತ್ತಾರೆ. ಆ ಬಾವುಟಗಳ ಬಣ್ಣ ಹಳಿಯ ಮೇಲೆ ಅಳಿದರೂ ಮನೆಯ ನೆಲಮಾಳಿಗೆಯ ಪುಟ್ಟ ಹಳಿಗಳ ಮೇಲೆ ಮಾಸಿಲ್ಲ. ಈ ಅಭಿರುಚಿ ಬೆಳೆದ ಬಗೆಯನ್ನು ನೋಡುತ್ತಾ ಹೋದಂತೆ, ಕಣ್ಣಿಗೆ ಚೆಂದ ಕಂಡದ್ದಕ್ಕಿಂತ ಕೈತಪ್ಪಿ ಹೋದದ್ದೇ ಇಲ್ಲಿ ಹೆಚ್ಚು ಕೆಲಸ ಮಾಡಿದೆ ಎಂದು ನನಗೆ ಅನ್ನಿಸುತ್ತದೆ.

ಉಗಿ ಎಂಜಿನ್ನುಗಳ ಕಾಲದಲ್ಲಿ ಬಣ್ಣದ ಮಾತು ಇಷ್ಟು ಇರಲಿಲ್ಲ. ದೊಡ್ಡ ಕಂಪನಿಗಳು ತಮ್ಮ ದಾರಿಗೆ ತಕ್ಕಂತೆ ಎಂಜಿನ್ ಮಾಡಿಸಿಕೊಳ್ಳುತ್ತಿದ್ದವು. ಆಕಾರವೇ ಗುರುತು, ಮೈಯೆಲ್ಲ ಹೆಚ್ಚಾಗಿ ಕಪ್ಪು. ಡೀಸೆಲ್ ಬಂದಾಗ ಇದು ತಿರುಗುಮುರುಗಾಯಿತು. ಜನರಲ್ ಮೋಟಾರ್ಸ್‌ನ ಎಲೆಕ್ಟ್ರೋ-ಮೋಟಿವ್ ವಿಭಾಗ ಕಾರುಗಳ ಹಾಗೆ ಒಂದೇ ಅಚ್ಚಿನ ಎಂಜಿನ್ನುಗಳನ್ನು ಸಾಲುಸಾಲಾಗಿ ಮಾಡಿ ಎಲ್ಲರಿಗೂ ಮಾರಿತು. ಒಂದೇ ಮೂಗು, ಒಂದೇ ಬೆನ್ನು; ಯಾರದ್ದೆಂದು ಹೇಳಲು ಉಳಿದದ್ದು ಬಣ್ಣ ಮಾತ್ರ. ಯಕ್ಷಗಾನದಲ್ಲಿ ವೇಷ ರಂಗಕ್ಕೆ ಬರುತ್ತಲೇ ಮುಖವರ್ಣಿಕೆ ನೋಡಿ ಪಾತ್ರವನ್ನು ಗುರುತಿಸುವ ಹಾಗೆ, ದೂರದ ತಿರುವಿನಲ್ಲಿ ಮೂಗು ಕಂಡರೆ ಸಾಕು, ಯಾವ ಕಂಪನಿಯ ಗಾಡಿ ಎಂದು ಊರಿನ ಹುಡುಗರು ಹೇಳಬಲ್ಲವರಾದರು. ಎಲೆಕ್ಟ್ರೋ-ಮೋಟಿವ್ ಇದಕ್ಕಾಗಿಯೇ ಚಿತ್ರಕಾರರನ್ನು ಇಟ್ಟುಕೊಂಡಿತ್ತು. ಗಿರಾಕಿ ಕಂಪನಿಗಳಿಗೆ ಬಣ್ಣದ ಯೋಜನೆಗಳನ್ನು ಅವರೇ ಬರೆದು ತೋರಿಸುತ್ತಿದ್ದರು. (ಈ ಮನೆತನದ ಎಂಜಿನ್ನುಗಳು ನಮಗೂ ಹೊಸವಲ್ಲ. 1990ರ ದಶಕದ ಕೊನೆಯಲ್ಲಿ ಭಾರತಕ್ಕೆ ಬಂದ ಅದರ ಸರಕು ಎಂಜಿನ್ನುಗಳಿಗೆ ಹುಬ್ಬಳ್ಳಿಯ ಶೆಡ್ ನೆಲೆಯಾಯಿತು.)

ಆ ಚಿತ್ರಕಾರರಲ್ಲಿ ಒಬ್ಬ ಲೀಲೆಂಡ್ ನಿಕರ್‌ಬಾಕರ್. ಷಿಕಾಗೊ–ಲಾಸ್ ಏಂಜಲೀಸ್ ನಡುವಿನ, ಸಾಂಟಾ ಫೆ ಕಂಪನಿಯ ‘ಸೂಪರ್ ಚೀಫ್’ ಗಾಡಿಯ ಇ-1 ಎಂಜಿನ್ನಿಗೆ 1937ರಲ್ಲಿ ಅವನು ಬರೆದ ‘ವಾರ್‌ಬಾನೆಟ್’ ಇಂದಿಗೂ ಮೆಚ್ಚಿನ ಬಣ್ಣಗಳ ಪಟ್ಟಿಯಲ್ಲಿ ಮೊದಲ ಸಾಲಿನಲ್ಲಿದೆ. ಅಮೆರಿಕದ ಮೂಲನಿವಾಸಿ ಯೋಧರ ಗರಿಮುಕುಟದ ಹೆಸರು ಅದು. ಮೂಗೆಲ್ಲ ಕಡುಗೆಂಪು, ಆ ಕೆಂಪು ಚಾಲಕನ ಕಿಟಕಿಯನ್ನು ಬಳಸಿಕೊಂಡು, ಮುಕುಟದ ಗರಿಗಳು ಬೆನ್ನಿಗೆ ಇಳಿಬಿದ್ದ ಹಾಗೆ ಪಕ್ಕಕ್ಕೆ ಬಾಗಿ ಹಿಂದೆ ಸರಿಯುತ್ತದೆ. ಅಂಚಿಗೆ ಹಳದಿ ಪಟ್ಟಿ, ಅದಕ್ಕೆ ಕಪ್ಪು ಗೆರೆ, ಉಳಿದ ಮೈ ಬೆಳ್ಳಿ. ನಿಂತ ಎಂಜಿನ್ನೂ ಓಡುತ್ತಿದೆ ಎನ್ನಿಸುವಂತೆ ಮಾಡಿದ್ದು ಆ ಒಂದು ಬಾಗು.

ಆದರೆ ಸೂಪರ್ ಚೀಫನ್ನು ಕಣ್ಣಾರೆ ಕಂಡ ಮಕ್ಕಳು ಎಷ್ಟು ಜನ? ವಾರ್‌ಬಾನೆಟ್ ದೇಶದ ಮನೆಮನೆಗೆ ಬಂದದ್ದು ಲಯನೆಲ್ ಕಂಪನಿಯ ಆಟಿಕೆಯಾಗಿ. 1948ರಲ್ಲಿ ಲಯನೆಲ್ ತನ್ನ ಎಫ್-3 ಎಂಜಿನ್ನನ್ನು ಎರಡು ಬಣ್ಣಗಳಲ್ಲಿ ಹೊರತಂದಿತು. ಒಂದು ಸಾಂಟಾ ಫೆ, ಇನ್ನೊಂದು ಬೂದು ಮೈಯ ಮೇಲೆ ಮಿಂಚಿನ ಪಟ್ಟಿಯ ನ್ಯೂಯಾರ್ಕ್ ಸೆಂಟ್ರಲ್. ಅಚ್ಚಿನ ಖರ್ಚಿನಲ್ಲಿ ಆ ರೈಲು ಕಂಪನಿಗಳೂ ಜನರಲ್ ಮೋಟಾರ್ಸೂ ಪಾಲು ಹಾಕಿದ್ದವು. ಜಾಹೀರಾತಾಗಿ ಅದು ಅವರಿಗೆ ಅಗ್ಗ. ಗೆದ್ದದ್ದು ಕೆಂಪು-ಬೆಳ್ಳಿ. ಸಾಂಟಾ ಫೆ ಹಳಿಯೇ ಇಲ್ಲದ ಪೂರ್ವ ತೀರದ ಊರುಗಳಲ್ಲೂ ಕ್ರಿಸ್‌ಮಸ್ ಮರದ ಕೆಳಗೆ ಅದು ಸುತ್ತಿತು. ಒಂದು ಅಚ್ಚು ಮಾಡಿದರೆ ಹತ್ತು ಬಣ್ಣ ಬಳಿದು ಹತ್ತು ಸಲ ಮಾರಬಹುದು ಎಂಬುದನ್ನು ಆಟಿಕೆ ತಯಾರಕರು ಎಲೆಕ್ಟ್ರೋ-ಮೋಟಿವ್‌ನಿಂದಲೇ ಕಲಿತಂತಿದೆ.

ಲಯನೆಲ್‌ನ ಮಕ್ಕಳು ದೊಡ್ಡವರಾಗಿ ಎಚ್‌ಓ ಪ್ರಮಾಣಕ್ಕೆ, ಅಂದರೆ ಅಸಲಿಗಿಂತ 87 ಪಟ್ಟು ಚಿಕ್ಕ ಮಾದರಿಗಳಿಗೆ ಬಂದಾಗ ನಿಖರತೆಯ ಹಸಿವು ಹುಟ್ಟಿತು. ಅಂಗಡಿಯ ಮಾದರಿಗಳಲ್ಲಿ ಒಂದು ಕಂಪನಿ ಎಂದೂ ಕೊಳ್ಳದ ಎಂಜಿನ್ನಿಗೂ ಅದರ ಬಣ್ಣ ಹಚ್ಚಿ ಮಾರುವುದು ಸಾಮಾನ್ಯವಾಗಿತ್ತು. ಇಂಥವಕ್ಕೆ ಹವ್ಯಾಸಿಗಳ ಮಾತಿನಲ್ಲಿ ‘ಫೂಬಿ’ ಎಂಬ ಹೆಸರೇ ಇದೆ. ಅದು ಸಾಲದೆನಿಸಿದವರು ಬಣ್ಣವಿಲ್ಲದ ಮೈಯನ್ನು ಕೊಂಡು ತಾವೇ ಕೂತರು. ಎಫ್ ಸರಣಿಯ ಎಂಜಿನ್ ಎಚ್‌ಓದಲ್ಲಿ ಹದಿನೆಂಟು ಸೆಂಟಿಮೀಟರೂ ಇಲ್ಲ. ಅದಕ್ಕೆ ವಾರ್‌ಬಾನೆಟ್ ಹಚ್ಚುವುದು ಈ ಹವ್ಯಾಸದ ದೊಡ್ಡ ಪರೀಕ್ಷೆ. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಕೊನೆಗೆ ಎಂಬುದು ನಿಯಮ. ಹಾಗಾಗಿ ಬೆಳ್ಳಿ ಮೊದಲು ಬರುತ್ತದೆ. ಆದರೆ ಟೇಪ್ ಕೀಳುವಾಗ ಜೊತೆಗೆ ಏಳುವುದೂ ಬೆಳ್ಳಿಯೇ. ಬಾಗಿಗೆ ಸರಿಯಾಗಿ ಟೇಪ್ ಕತ್ತರಿಸಬೇಕು, ಏರ್‌ಬ್ರಷ್ಷಿನಲ್ಲಿ ಕೆಂಪು ಹೊಡೆಯಬೇಕು, ಮೇಲೆ ಹೊಳಪಿನ ವಾರ್ನಿಷ್, ಅದರ ಮೇಲೆ ನೀರಲ್ಲಿ ನೆನೆಸಿ ಅಂಟಿಸುವ ಅಚ್ಚುಚಿತ್ರ, ಅಂದರೆ ಡೆಕಾಲ್ ಕೂರಿಸಿ, ಕೊನೆಗೆ ಮಂದ ವಾರ್ನಿಷ್. ಎರಡು ಪಕ್ಕದ ಬಾಗುಗಳು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಮುಖ ಸೊಟ್ಟಗಾಗುತ್ತದೆ. ಮೈಕ್ರೋಸ್ಕೇಲ್‌ನಂಥ ಡೆಕಾಲ್ ತಯಾರಕರು ಹಳದಿ-ಕಪ್ಪು ಪಟ್ಟಿಗಳನ್ನು ಅಚ್ಚುಹಾಕಿ ಕೊಟ್ಟ ಮೇಲೆ ಕೈ ನಡುಗುವವರಿಗೂ ಇದು ಎಟುಕಿತು.

ಬಣ್ಣದ ಬಾಟಲಿಗಳ ಪಾತ್ರವನ್ನು ಸಣ್ಣದೆನ್ನಲಾಗದು. ಫ್ಲೋಕ್ವಿಲ್ ಕಂಪನಿ ಬಣ್ಣಗಳಿಗೆ ರೈಲು ಲೋಕದ ಹೆಸರುಗಳನ್ನೇ ಇಟ್ಟು ಮಾರುತ್ತಿತ್ತು. 2013ರಲ್ಲಿ ಅದರ ತಯಾರಿಕೆ ನಿಂತಾಗ ಒಂದು ಪೀಳಿಗೆ ತನ್ನ ಬಣ್ಣದ ಅಕ್ಷರಮಾಲೆಯನ್ನೇ ಕಳೆದುಕೊಂಡಿತು. ಯಾವ ಬಾಟಲಿಯೂ ತೀರಿಸದ ವಾದವೆಂದರೆ ಪೆನ್ಸಿಲ್ವೇನಿಯಾ ರೈಲಿನ ಹಸಿರು. ಅದು ಎಷ್ಟು ಗಾಢವೆಂದರೆ ನೆರಳಲ್ಲಿ ಕಪ್ಪು, ಬಿಸಿಲಲ್ಲಿ ಮಾತ್ರ ಹಸಿರು. ಮನೆಯ ಬಲ್ಬಿನ ಬೆಳಕಲ್ಲಿ ಅಸಲಿ ಬಣ್ಣವನ್ನೇ ಹಚ್ಚಿದರೆ ಕಲ್ಲಿದ್ದಲಿನ ತುಂಡಿನಂತೆ ಕಾಣುತ್ತದೆ. ಹಾಗಾಗಿ ಮಾದರಿ ಚಿಕ್ಕದಾದಷ್ಟೂ ಬಣ್ಣವನ್ನು ತಿಳಿಗೊಳಿಸಬೇಕು ಎಂಬ ಪಂಥ ಒಂದು, ಅಸಲಿಯೇ ಅಸಲಿ ಎಂಬ ಪಂಥ ಇನ್ನೊಂದು. ನಾನು ಮೊದಲಿನವರ ಕಡೆ. ನೋಡುವ ಕಣ್ಣಿಗೆ ಹಸಿರು ಕಾಣದಿದ್ದರೆ ಹಸಿರು ಹಚ್ಚಿದ್ದೇಕೆ?

ಪಶ್ಚಿಮದಲ್ಲಿ ಸದರ್ನ್ ಪೆಸಿಫಿಕ್‌ನ ‘ಡೇಲೈಟ್’ ಕೆಂಪು-ಕಿತ್ತಳೆ-ಕಪ್ಪು ವಾರ್‌ಬಾನೆಟ್ಟಿಗೆ ಸಮನಾಗಿ ನಿಲ್ಲುತ್ತದೆ. ಅದೇ ಕಂಪನಿಯ ಸರಕು ಎಂಜಿನ್ನುಗಳ ಕಪ್ಪು ಮೈ, ಬೆಳ್ಳಿ ಮೂಗಿನ ‘ಬ್ಲ್ಯಾಕ್ ವಿಡೋ’ ಇನ್ನೂ ಚೆಂದ ಎನ್ನುವವರಿದ್ದಾರೆ. 1958ರಲ್ಲಿ ಎರಡೂ ಹೋಗಿ ಬೂದು ಮೈ, ಕೆಂಪು ಮೂಗು ಬಂತು. ಪೂರ್ವದಲ್ಲಿ ನ್ಯೂ ಹೇವನ್ ರೈಲಿಗೆ 1950ರ ದಶಕದ ನಡುವೆ ಹರ್ಬರ್ಟ್ ಮ್ಯಾಟರ್ ಕೊಟ್ಟ ಕಪ್ಪು-ಬಿಳಿ-ಕಿತ್ತಳೆಗೆಂಪು, ಉದ್ದ ಕಾಲಿನ ಎರಡು ಅಕ್ಷರಗಳೊಡನೆ, ಆಧುನಿಕ ವಿನ್ಯಾಸದ ಪಾಠದಂತಿದೆ. ಇದರ ನಂತರ ವಿನ್ಯಾಸ ಬಡವಾಯಿತು, ಅದಕ್ಕೆ ಕಾರಣವೂ ಇತ್ತು. ಎಲೆಕ್ಟ್ರೋ-ಮೋಟಿವ್‌ನಿಂದ 1949ರಲ್ಲಿ ಬಂದ ಜಿಪಿ-7 ಮತ್ತು ಅದರ ಮುಂದಿನ ಎಂಜಿನ್ನುಗಳಿಗೆ ನುಣುಪಾದ ಹೊರಮೈ ಇರಲಿಲ್ಲ. ಕಿರಿದಾದ ಹುಡ್, ಬಾಗಿಲುಗಳ ಸಾಲು, ಕಂಬಿಗಳು. ಗರಿಯ ಬಾಗು ಬಿಡಿಸಲು ಜಾಗವೇ ಇಲ್ಲ. ಪ್ರಯಾಣಿಕರೂ ವಿಮಾನ, ಕಾರು ಹಿಡಿದಿದ್ದರು; ಚೆಂದ ಕಾಣಿಸಿಕೊಳ್ಳುವ ಅಗತ್ಯವೂ ಕಂಪನಿಗಳಿಗೆ ಉಳಿಯಲಿಲ್ಲ.

ಆಮೇಲೆ ವಿಲೀನಗಳ ಮಳೆ. 1968ರಲ್ಲಿ ಪೆನ್ಸಿಲ್ವೇನಿಯಾ, ನ್ಯೂಯಾರ್ಕ್ ಸೆಂಟ್ರಲ್ ಕೂಡಿ ಪೆನ್ ಸೆಂಟ್ರಲ್ ಆದವು, ಎಲ್ಲಕ್ಕೂ ಕಪ್ಪು. 1970ರಲ್ಲಿ ಗ್ರೇಟ್ ನಾರ್ದರ್ನ್‌ನ ಕಿತ್ತಳೆ-ಹಸಿರೂ ನಾರ್ದರ್ನ್ ಪೆಸಿಫಿಕ್‌ನ ಎರಡು ಛಾಯೆಯ ಹಸಿರೂ ಬರ್ಲಿಂಗ್‌ಟನ್ ನಾರ್ದರ್ನ್‌ನ ಒಂದೇ ಹಸಿರಲ್ಲಿ ಕರಗಿದವು. 1976ರಲ್ಲಿ ಕಾನ್‌ರೇಲ್ ಎಂಬ ಹೊಸ ಕಂಪನಿಯ ನೀಲಿ ಎರಿ ಲ್ಯಾಕವಾನಾದ ಬೂದು-ಮರೂನ್-ಹಳದಿಯನ್ನು ನುಂಗಿತು. ಆದರೆ ಬಣ್ಣ ಒಂದೇ ದಿನ ಬದಲಾಗುವುದಿಲ್ಲ, ಮತ್ತು ಹವ್ಯಾಸಿಗಳ ಜೀವ ಇರುವುದು ಈ ಸಂಧಿಕಾಲದಲ್ಲೇ. 1971ರ ಮೇ 1ರಂದು ಆಮ್‌ಟ್ರಾಕ್ ಎಂಬ ಹೊಸ ಸಂಸ್ಥೆ ಕಂಪನಿಗಳ ಪ್ರಯಾಣಿಕ ಗಾಡಿಗಳನ್ನು ವಹಿಸಿಕೊಂಡಾಗ ಅದರ ಬಳಿ ಇದ್ದದ್ದು ಹಲವು ಕಂಪನಿಗಳ ಹಳೆಯ ಎಂಜಿನ್ ಮತ್ತು ಬೋಗಿಗಳು. ಒಂದೇ ಗಾಡಿಯಲ್ಲಿ ಬೆಳ್ಳಿ, ಹಳದಿ, ಹಸಿರು, ಕಿತ್ತಳೆ. ಇದಕ್ಕೆ ‘ಕಾಮನಬಿಲ್ಲಿನ ಕಾಲ’ ಎಂದೇ ಹೆಸರು ಬಿತ್ತು. ಎಷ್ಟೋ ಜನ ತಮ್ಮ ಮಾದರಿ ರೈಲನ್ನು ಆ ನಾಲ್ಕೈದು ವರ್ಷಕ್ಕೇ ಮೀಸಲಿಟ್ಟಿದ್ದಾರೆ. ಹಳೆಯ ಹೆಸರಿನ ಮೇಲೆ ಬಳಿದ ತೇಪೆ, ಕೆಳಗಿಂದ ಇಣುಕುವ ಅಕ್ಷರಗಳನ್ನೂ ಬಿಡದೆ ಮೂಡಿಸುತ್ತಾರೆ.

ಹೀಗೆ ಮೆಚ್ಚುಗೆ ಪಡೆದ ಬಣ್ಣಗಳಲ್ಲಿ ವಿಚಿತ್ರವಾದದ್ದು, ಆಗದೇ ಹೋದ ಒಂದು ಮದುವೆಯದ್ದು. ಸಾಂಟಾ ಫೆ, ಸದರ್ನ್ ಪೆಸಿಫಿಕ್ ಎರಡನ್ನೂ ಕೂಡಿಸುವ ಪ್ರಸ್ತಾಪ 1983ರಲ್ಲಿ ಬಂತು. ಒಪ್ಪಿಗೆ ಸಿಗುವ ಮೊದಲೇ ನೂರಾರು ಎಂಜಿನ್ನುಗಳಿಗೆ ಕೆಂಪು-ಹಳದಿ ಬಳಿದು, ಒಂದರ ಮೇಲೆ ‘ಎಸ್‌ಪಿ’, ಇನ್ನೊಂದರ ಮೇಲೆ ‘ಎಸ್‌ಎಫ್’ ಬರೆದು, ಉಳಿದೆರಡು ಅಕ್ಷರಕ್ಕೆ ಜಾಗ ಬಿಟ್ಟರು. 1986ರಲ್ಲಿ ಸರ್ಕಾರಿ ಆಯೋಗ ವಿಲೀನವನ್ನು ತಿರಸ್ಕರಿಸಿತು. ಕೊಡ್ಯಾಕ್ ಫಿಲ್ಮಿನ ಡಬ್ಬಿಯ ಬಣ್ಣವೇ ಇದ್ದದ್ದರಿಂದ ಇದಕ್ಕೆ ‘ಕೊಡಾಕ್ರೋಮ್’ ಎಂಬ ಹೆಸರು ನಿಂತಿತು. ಖಾಲಿ ಬಿಟ್ಟ ಆ ಜಾಗವೇ ಈ ಮಾದರಿಗಳ ಆಕರ್ಷಣೆ. ಬಣ್ಣವೇ ಕಥೆ ಹೇಳುವ ಎಂಜಿನ್ ಇದು. ಮೂರು ವರ್ಷಗಳ ನಂತರ, 1989ರಲ್ಲಿ, ಸಾಂಟಾ ಫೆ ತನ್ನ ವಾರ್‌ಬಾನೆಟ್ಟನ್ನು ಸರಕು ಎಂಜಿನ್ನುಗಳ ಮೇಲೆ ಮತ್ತೆ ತಂದಿತು.

ಹೊಸ ಶತಮಾನದಲ್ಲಿ ಹಳೆಯ ಬಣ್ಣಗಳ ಒಡೆತನವೇ ಜಗಳವಾಯಿತು. ನುಂಗಿದ ಕಂಪನಿಗಳ ಗುರುತುಗಳೂ ತನ್ನವೆಂದು ಯೂನಿಯನ್ ಪೆಸಿಫಿಕ್ ಮಾದರಿ ತಯಾರಕರಿಂದ ರಾಯಧನ ಕೇಳಿತು, ಮೊಕದ್ದಮೆ ಹೂಡಿತು. 2006ರಲ್ಲಿ ರಾಯಧನವಿಲ್ಲದ ಪರವಾನಗಿಗೆ ಒಪ್ಪಿತು. ಅದೇ ಹೊತ್ತಿಗೆ, 2005-06ರಲ್ಲಿ, ಅದು ತನ್ನ ಆರು ಹೊಸ ಎಂಜಿನ್ನುಗಳಿಗೆ ಬಿದ್ದ ಬಾವುಟಗಳ ಬಣ್ಣ ಹಚ್ಚಿಸಿತು. ಎಂಜಿನ್ನಿನ ಸಂಖ್ಯೆ ಆ ಕಂಪನಿ ವಿಲೀನವಾದ ವರ್ಷ: ವೆಸ್ಟರ್ನ್ ಪೆಸಿಫಿಕ್‌ಗೆ 1983, ಸದರ್ನ್ ಪೆಸಿಫಿಕ್‌ಗೆ 1996. ಅವು ಹಳೆಯದರ ನೆರಳಿನಲ್ಲಿ ಬಿಡಿಸಿದ ಹೊಸ ಚಿತ್ರಗಳು. 2012ರಲ್ಲಿ ನಾರ್ಫೋಕ್ ಸದರ್ನ್ ಇಪ್ಪತ್ತು ಎಂಜಿನ್ನುಗಳಿಗೆ ಬಣ್ಣ ಹಚ್ಚಿಸಿದಾಗ ಮೂಲಕ್ಕೆ ಇನ್ನಷ್ಟು ಹತ್ತಿರ ನಿಂತಿತು. ನನಗೆ ಇವೇ ಹೆಚ್ಚು ಇಷ್ಟ. ಆ ಇಪ್ಪತ್ತರಲ್ಲಿ ಲ್ಯಾಕವಾನಾದ ಬೂದು-ಮರೂನ್ ಇದೆ, ಪೆನ್ಸಿಲ್ವೇನಿಯಾ ಇದೆ, ಒಂದು ಕಾಲಕ್ಕೆ ಎಲ್ಲರೂ ಶಪಿಸಿದ ಪೆನ್ ಸೆಂಟ್ರಲ್‌ನ ಕಪ್ಪೂ ಇದೆ. ಹಳಿಯ ಬದಿಯಲ್ಲಿ ಕ್ಯಾಮೆರಾ ಹಿಡಿದು ಅದಕ್ಕೂ ಜನ ಗಂಟೆಗಟ್ಟಲೆ ಕಾಯುತ್ತಾರೆ.