ಮಾತ್ರೆಗೆ ದಾರಿ ಗೊತ್ತೇ?

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಒಂಬತ್ತನೆಯ ತರಗತಿಯಲ್ಲಿ ಪಾಠ ಮುಗಿಯುವ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸಾರ್, ತಲೆನೋವಿನ ಮಾತ್ರೆ ಹೊಟ್ಟೆಗೆ ಹೋಗುತ್ತದಲ್ಲ, ನೋವು ತಲೆಯಲ್ಲಿದೆಯೆಂದು ಅದಕ್ಕೆ ಹೇಗೆ ಗೊತ್ತಾಗುತ್ತದೆ?” ಎಂದು ಕೇಳಿದ. ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕು, ಗಂಟೆ ಹೊಡೆದ ನೆಪದಲ್ಲಿ ಹೊರಬಂದೆ. ಆತ ಮತ್ತೊಮ್ಮೆ ಪ್ರಶ್ನೆ ಕೇಳಿದ್ದು ನನಗೆ ನೆನಪಿಲ್ಲ.

ಮಾತ್ರೆಗೆ ಏನೂ ಗೊತ್ತಾಗುವುದಿಲ್ಲ. ರಕ್ತದೊಡನೆ ಮೈಯೆಲ್ಲ ಹರಡುತ್ತದೆ, ಅಷ್ಟೆ. ಇದರ ಬೆಲೆ ಏನೆಂದು ನನಗೆ ಅರ್ಥವಾದದ್ದು ಅಕ್ಕನಿಗೆ ಕ್ಯಾನ್ಸರ್ ಚಿಕಿತ್ಸೆ ನಡೆದಾಗ. ಗಡ್ಡೆಗೆಂದು ಕೊಟ್ಟ ಔಷಧಿ ಕೂದಲಿನ ಬುಡವನ್ನೂ ಕರುಳಿನ ಒಳಪದರವನ್ನೂ ಬಿಡಲಿಲ್ಲ.

ಆ ಹುಡುಗನ ಪ್ರಶ್ನೆಯನ್ನು ದೊಡ್ಡವರೂ ಕೇಳಿದ್ದರು. ರೋಗದ ಮೂಲವನ್ನಷ್ಟೇ ತಾಗುವ ‘ಮಾಂತ್ರಿಕ ಗುಂಡಿ’ನ ಕನಸು ಕಂಡವರು ಜರ್ಮನಿಯ ಪೌಲ್ ಎರ್ಲಿಕ್, 1908ರಲ್ಲಿ ನೊಬೆಲ್ ಪಡೆದವರು. ಆದರೆ ಗುಂಡನ್ನು ಹೊತ್ತೊಯ್ಯುವ ವಾಹನ ಬೇಕಿತ್ತು.

1974ರಲ್ಲಿ ರಾಬರ್ಟ್ ಲ್ಯಾಂಗರ್ ಎಂಬ ತರುಣ ರಾಸಾಯನಿಕ ಎಂಜಿನಿಯರ್ ಬಾಸ್ಟನ್ನಿನ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ನರ ಪ್ರಯೋಗಾಲಯ ಸೇರಿದರು. ಪ್ರೋಟೀನಿನಂಥ ದೊಡ್ಡ ಅಣು ಪ್ಲಾಸ್ಟಿಕ್ಕಿನೊಳಗಿಂದ ನಿಧಾನವಾಗಿ ಹೊರಬರುವುದು ಅಸಾಧ್ಯವೆಂಬುದು ಅಂದಿನ ನಂಬಿಕೆ. ಇನ್ನೂರಕ್ಕೂ ಹೆಚ್ಚು ವಿಧಾನಗಳಲ್ಲಿ ಸೋತೆನೆಂದು ಅವರೇ ಹೇಳಿಕೊಂಡಿದ್ದಾರೆ. ಕೊನೆಗೆ ಹುತ್ತದೊಳಗಿನ ಅಂಕುಡೊಂಕು ಸುರಂಗಗಳಂಥ ದಾರಿಗಳಿಂದ ಪ್ರೋಟೀನು ದಿನಗಟ್ಟಲೆ ಜಿನುಗುವಂತೆ ಮಾಡಿದರು. 1976ರಲ್ಲಿ ‘ನೇಚರ್’ ಪತ್ರಿಕೆ ಆ ಲೇಖನ ಪ್ರಕಟಿಸಿತು. ಹಿರಿಯರು ನಂಬಲಿಲ್ಲ, ಅನುದಾನಕ್ಕೆ ಬರೆದ ಮೊದಲ ಒಂಬತ್ತು ಅರ್ಜಿಗಳೂ ತಿರಸ್ಕೃತವಾದವು.

ಅದೇ ಕಾಲದಲ್ಲಿ ಜ್ಯೂರಿಕ್ಕಿನ ಪೀಟರ್ ಸ್ಪೈಸರ್ ಪಾಲಿಮರನ್ನು ನ್ಯಾನೋಕಣಗಳಾಗಿಸಿ ಅವುಗಳಲ್ಲಿ ಔಷಧಿಯನ್ನೂ ಲಸಿಕೆಯನ್ನೂ ತುಂಬುವ ಯತ್ನದಲ್ಲಿದ್ದರು. ನ್ಯಾನೋಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ಇಷ್ಟು ಸಣ್ಣ ಪಾಲಿಮರ್ ಕಣ ಅಪರೂಪದ್ದಲ್ಲ. ನಿಮ್ಮ ಮನೆಯ ಗೋಡೆಗೆ ಬಳಿದ ಎಮಲ್ಷನ್ ಬಣ್ಣ ಹಿಡಿದು ನಿಲ್ಲುವುದು ಅಂಥ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುವುದರಿಂದಲೇ. ಆದರೆ ಮೈಯೊಳಗೆ ಹೋಗುವ ಕಣ ಕರಗಬೇಕು. ಅದಕ್ಕೆ ಆರಿಸಿಕೊಂಡದ್ದು, ಶಸ್ತ್ರಚಿಕಿತ್ಸೆಯಲ್ಲಿ ತಾನಾಗಿ ಕರಗುವ ಹೊಲಿಗೆ ದಾರದ ಪಾಲಿಮರನ್ನು. ಅದರ ಒಂದು ಮೂಲವಸ್ತು, ಮೊಸರಿಗೆ ಹುಳಿ ಕೊಡುವ ಲ್ಯಾಕ್ಟಿಕ್ ಆಮ್ಲ.

ಇನ್ನೊಂದು ತೊಡಕಿತ್ತು. ಯಕೃತ್ತು ಮತ್ತು ಗುಲ್ಮದ ಕಾವಲು ಕೋಶಗಳು ಈ ಕಣಗಳನ್ನು ನಿಮಿಷಗಳಲ್ಲೇ ನುಂಗಿಬಿಡುತ್ತಿದ್ದವು. 1994ರಲ್ಲಿ ಲ್ಯಾಂಗರ್ ತಂಡ ಪಾಲಿಎಥಿಲೀನ್ ಗ್ಲೈಕಾಲಿನ ಹೊದಿಕೆ ತೊಡಿಸಿ, ಕಣಗಳು ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುವಂತೆ ಮಾಡಿತು. 2005ರಲ್ಲಿ ಅಮೆರಿಕದಲ್ಲಿ ಅಬ್ರಾಕ್ಸೇನ್ ಎಂಬ ಕ್ಯಾನ್ಸರ್ ಔಷಧಿಗೆ ಒಪ್ಪಿಗೆ ದೊರೆಯಿತು. ಅದರ ವಾಹನ ಆಲ್ಬುಮಿನ್, ಅಂದರೆ ನಿಸರ್ಗವೇ ಹೆಣೆದ ಪಾಲಿಮರ್. 2020ರ ಕೋವಿಡ್ ಎಂಆರ್‌ಎನ್‌ಎ ಲಸಿಕೆಗಳ ಕಣ ಕೊಬ್ಬಿನದಾದರೂ ಮೇಲಿನ ಹೊದಿಕೆ ಅದೇ ಗ್ಲೈಕಾಲಿನದು.

ಹಾಗೆಂದು ಕನಸು ಪೂರ್ತಿ ಕೈಗೂಡಿದೆಯೆಂದು ತಿಳಿಯಬಾರದು. 2016ರಲ್ಲಿ ಹಿಂದಿನ ಹತ್ತು ವರ್ಷಗಳ ಪ್ರಯೋಗಗಳನ್ನು ಒಟ್ಟುಮಾಡಿ ನೋಡಿದಾಗ, ಚುಚ್ಚಿದ ಕಣಗಳಲ್ಲಿ ಗಡ್ಡೆಯನ್ನು ತಲುಪಿದ್ದು ಸಾಮಾನ್ಯವಾಗಿ ಶೇ. 0.7 ಮಾತ್ರವೆಂದು ಕಂಡುಬಂತು.

ಆ ಹುಡುಗ ಈಗ ನಡುವಯಸ್ಸಿನವನಾಗಿರಬೇಕು. ಇದನ್ನು ಓದುತ್ತಿದ್ದರೆ ಕೇಳಪ್ಪ: ಮಾತ್ರೆಗೆ ದಾರಿ ಇನ್ನೂ ಸರಿಯಾಗಿ ಗೊತ್ತಿಲ್ಲ. ನಿನ್ನ ಪ್ರಶ್ನೆ ನಗುವಂಥದ್ದಾಗಿರಲಿಲ್ಲ. ಅಂದು ನಕ್ಕದ್ದು ನನ್ನ ತಪ್ಪು.